ರುಥೇನಿಯಂ ಕ್ಲೋರೈಡ್ ಬಾಟಲಿ ಮೇಲಿನ ‘ಎಕ್ಸ್’ ಅಂದ್ರೆ ಎಷ್ಟು? ಹೊಸ ಬಾಟಲಿ ಬಂದ ಮೇಲೆ ಇಳುವರಿ ಅರ್ಧ ಆಗಿದೆ

ಕಪ್ಪುಪುಡಿ:
ನಮಸ್ಕಾರ. ನಾನು ಇನಾರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ನಮ್ಮ ಲ್ಯಾಬಿನಲ್ಲಿ ಎಲ್ಲವೂ ಶುರುವಾಗುವುದು ರುಥೇನಿಯಂ ಟ್ರೈಕ್ಲೋರೈಡ್ ಹೈಡ್ರೇಟ್‌ನಿಂದ, ಅಂದ್ರೆ ನೀರಿನ ಅಣುಗಳು ಸೇರಿಕೊಂಡಿರುವ ರುಥೇನಿಯಂ ಲೋಹದ ಕ್ಲೋರೈಡ್ ಪುಡಿಯಿಂದ. ಅದರಿಂದ ಪ್ಯಾರಾ-ಸೈಮೀನ್ ಡೈಮರ್ (ಎರಡು ರುಥೇನಿಯಂ ಜೋಡಿಯಾಗಿರುವ ಸಂಯುಕ್ತ) ಮಾಡಿಕೊಂಡು ಮುಂದಿನ ಕಾಂಪ್ಲೆಕ್ಸ್‌ಗಳಿಗೆ ಹೋಗುತ್ತೇನೆ. ವಿಧಾನ ಎಲ್ಲರೂ ಮಾಡುವಂಥದ್ದೇ: 2 ಗ್ರಾಂ ಕ್ಲೋರೈಡ್, 100 ಮಿಲಿ ಎಥನಾಲ್, 10 ಮಿಲಿ ಆಲ್ಫಾ-ಫೆಲಾಂಡ್ರೀನ್, 4 ಗಂಟೆ ರಿಫ್ಲಕ್ಸ್ (ಆವಿಯನ್ನು ತಣಿಸಿ ವಾಪಸ್ ಬೀಳಿಸುತ್ತಾ ಕುದಿಸುವುದು). ಹಳೇ ಬಾಟಲಿಯಲ್ಲಿ ಪ್ರತಿ ಸಲ 1.9 ಗ್ರಾಂ ಆಸುಪಾಸು ಕೆಂಪು-ಕಿತ್ತಳೆ ಹರಳು ಬರುತ್ತಿತ್ತು.

ಆ ಬಾಟಲಿ ಫೆಬ್ರವರಿಯಲ್ಲಿ ಖಾಲಿ ಆಯಿತು. ಹೊಸದಕ್ಕೆ ಹತ್ತು ವಾರ ಕಾದೆ. ಕೊಟೇಶನ್ ಮೇಲೆ ‘ಮೂರು ದಿನ ಮಾತ್ರ’ ಅಂತ ಬರೆದು ಕಳಿಸುತ್ತಾರೆ. ನಮ್ಮ ಫೈಲಿಗೆ ಒಂದು ಟೇಬಲ್ ದಾಟೋಕೇ ಒಂದು ವಾರ ಬೇಕು. ಮತ್ತೆ ಹೊಸ ಕೊಟೇಶನ್, ಮತ್ತೆ ಜಾಸ್ತಿ ಬೆಲೆ. ಅಂತೂ ಬೇರೆ ಸಪ್ಲೈಯರ್ ಕಡೆಯಿಂದ ಬಂತು. ಈಗ ಅದೇ ವಿಧಾನಕ್ಕೆ 1.1 ಗ್ರಾಂ. ಮೂರು ಸಲ ಮಾಡಿ ನೋಡಿದೆ. ಫ್ಲಾಸ್ಕ್ ತಳದಲ್ಲಿ ಕಪ್ಪು ಕೆಸರು ಬೇರೆ.

ಹಳೇ ಬಾಟಲಿ ಮೇಲೆ ‘ರುಥೇನಿಯಂ 40.5%’ ಅಂತ ಇತ್ತು. ಹೊಸದರ ಮೇಲೆ ಬರೀ ‘ಎಕ್ಸ್ ಎಚ್2ಒ’. ಒಂದು ಕ್ಲೋರೈಡ್‌ಗೆ ಎಷ್ಟು ನೀರಿನ ಅಣು ಅನ್ನುವ ಈ ಎಕ್ಸ್ ಎಷ್ಟು? ನಮ್ಮ ಗೈಡ್ ‘ಮೂರು ಅಂತ ಹಾಕ್ಕೊಳ್ಳಮ್ಮ’ ಅಂತಾರೆ. ಹಾಕಿಕೊಂಡೆ. ಇಳುವರಿ ಮಾತ್ರ ಹಾಕಿಕೊಂಡ ಹಾಗೆ ಬರುತ್ತಿಲ್ಲ.

ಹುಬ್ಳಿ ಬೀಕರ್:
ನಾನು ಇಳುವರಿ ಅಂತ ನೋಡಿ ಮೆಣಸಿನಕಾಯಿ ವಿಷಯ ಅಂತ ಒಳಗ ಬಂದೆ ನೋಡ್ರಿ.

ಕರಾವಳಿ ಕೆಮಿಸ್ಟ್:
ಎಕ್ಸ್ ಅಂದ್ರೆ ಎಕ್ಸ್. ತಮಾಷೆ ಮಾಡುತ್ತಿಲ್ಲ. ಅಂಗಡಿಯಲ್ಲಿ ಸಿಗುವ ‘ಹೈಡ್ರೇಟ್’ ಒಂದೇ ವಸ್ತು ಅಲ್ಲವೇ ಅಲ್ಲ. ಅದರಲ್ಲಿ ರುಥೇನಿಯಂನ ಆಕ್ಸಿಡೇಶನ್ ಸ್ಥಿತಿ (ಕಳೆದುಕೊಂಡ ಎಲೆಕ್ಟ್ರಾನ್ ಲೆಕ್ಕ) ಮೂರೂ ಇದೆ, ನಾಲ್ಕೂ ಇದೆ. ಕ್ಲೋರೈಡ್ ಜೊತೆ ಆಕ್ಸೋ, ಹೈಡ್ರಾಕ್ಸೋ (ಆಕ್ಸಿಜನ್ ಅಂಟಿದ ರೂಪಗಳು) ಸೇರಿಕೊಂಡಿರುತ್ತವೆ. ಅದಕ್ಕೆ ಒಳ್ಳೆಯ ಸಪ್ಲೈಯರ್‌ಗಳು ನೀರಿನ ಲೆಕ್ಕ ಕೊಡುವುದಿಲ್ಲ, ಲೋಹದ ಶೇಕಡಾ ಕೊಡುತ್ತಾರೆ.

ನಿಮ್ಮ ಗೈಡ್ ಹೇಳಿದ ಟ್ರೈಹೈಡ್ರೇಟ್ (ಮೂರು ನೀರು) ಲೆಕ್ಕ ಹಿಡಿದರೆ ಅಣುತೂಕ 261.5, ಅದರಲ್ಲಿ ರುಥೇನಿಯಂ 38.65%. ನೀರೇ ಇಲ್ಲದ ಕ್ಲೋರೈಡ್ ಆದರೆ 48.7%. ನಿಮ್ಮ ಹಳೇ ಬಾಟಲಿ 40.5, ಅಂದ್ರೆ ಟ್ರೈಹೈಡ್ರೇಟ್‌ಗಿಂತ ಸ್ವಲ್ಪ ಒಣ. ಹೊಸದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಮೊದಲು ಸಪ್ಲೈಯರ್ ಹತ್ತಿರ ಆ ಬ್ಯಾಚಿನ ಅನಾಲಿಸಿಸ್ ಸರ್ಟಿಫಿಕೇಟ್ ಕೇಳಿ.

ಕಪ್ಪುಪುಡಿ:
ಕೇಳಿದೆ ಸರ್. ‘ಶುದ್ಧತೆ 99.9%’ ಅಂತ ಒಂದು ಹಾಳೆ ಕಳಿಸಿದರು.

ಕರಾವಳಿ ಕೆಮಿಸ್ಟ್:
ಆ 99.9 ಬೇರೆಯೇ ಲೆಕ್ಕ ಮಾರಾಯ್ರೆ. ಅದರಲ್ಲಿರುವ ಲೋಹಗಳ ಪೈಕಿ ರುಥೇನಿಯಂ 99.9, ಉಳಿದದ್ದು ಪ್ಲಾಟಿನಂ, ಕಬ್ಬಿಣ ಇತ್ಯಾದಿ ಅಂತ ಅರ್ಥ. ಬಾಟಲಿಯಲ್ಲಿ ಅರ್ಧ ನೀರು ತುಂಬಿದ್ದರೂ ಆ ಸಂಖ್ಯೆ ಬದಲಾಗುವುದಿಲ್ಲ. ಹಾಲಿಗೆ ನೀರು ಹಾಕಿ ‘ಹಾಲೆಲ್ಲ ಹಸುವಿನದೇ’ ಅಂತ ಪ್ರಮಾಣ ಮಾಡಿದ ಹಾಗೆ.

ಖರೀದಿ ಸೆಕ್ಷನ್:
ನಾನು ಕೆಮಿಸ್ಟ್ ಅಲ್ಲ, ಒಂದು ಸಂಸ್ಥೆಯ ಪರ್ಚೇಸ್‌ನಲ್ಲಿ ಇಪ್ಪತ್ತು ವರ್ಷ ಕೂತವನು. ನಮ್ಮನ್ನು ಬೈಯುವ ಮೊದಲು ಒಂದು ಮಾತು. ಇಂಡೆಂಟ್‌ನಲ್ಲಿ (ಖರೀದಿಗೆ ಕೊಡುವ ಬೇಡಿಕೆ ಪತ್ರ) ನೀವು ‘ರುಥೇನಿಯಂ ಕ್ಲೋರೈಡ್ ಹೈಡ್ರೇಟ್, 5 ಗ್ರಾಂ’ ಅಂತ ಬರೆದು ಕೊಡುತ್ತೀರಿ. ಮೂರು ಕೊಟೇಶನ್ ಬರುತ್ತದೆ. ಮೂರರಲ್ಲೂ 5 ಗ್ರಾಂ. ಕಡಿಮೆ ಬೆಲೆಯವನು ಎಲ್-1. ಅವನಿಗೆ ಕೊಡದೆ ಇನ್ನೊಬ್ಬನಿಗೆ ಕೊಟ್ಟರೆ ಆಡಿಟ್‌ನವರು ನನ್ನ ಕುತ್ತಿಗೆ ಹಿಡಿಯುತ್ತಾರೆ. ನಿಮ್ಮ ಎಕ್ಸ್ ನನಗೆ ಹೇಗೆ ಗೊತ್ತಾಗಬೇಕು?

ಮಲ್ನಾಡ್ ಮೋಲ್:
ಇವರು ಹೇಳಿದ್ದು ಸರಿ. ನಾವು ಒಂದು ಸಲ ಹೀಗೆ ಸೋತ ಮೇಲೆ ಇಂಡೆಂಟ್‌ನಲ್ಲಿ ‘2 ಗ್ರಾಂ ರುಥೇನಿಯಂ ಲೋಹಕ್ಕೆ ಸಮನಾದ ಕ್ಲೋರೈಡ್ ಹೈಡ್ರೇಟ್, ಲೋಹದ ಪ್ರಮಾಣ ಕನಿಷ್ಠ 38%, ಬ್ಯಾಚ್ ಸರ್ಟಿಫಿಕೇಟ್ ಕಡ್ಡಾಯ’ ಅಂತ ಬರೆಯೋಕೆ ಶುರು ಮಾಡಿದೆವು. ಹೀಗೆ ಬರೆದರೆ ಎಲ್-1 ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಲೋಹ ಔನ್ಸಿಗೆ 800 ಡಾಲರ್ ಅಂತ ಇಟ್ಟುಕೊಳ್ಳಿ. ಅವರ ಔನ್ಸ್ 31.1 ಗ್ರಾಂ, ಅಂದ್ರೆ ಗ್ರಾಂಗೆ 25 ಡಾಲರ್ ಚಿಲ್ಲರೆ. 5 ಗ್ರಾಂ ಬಾಟಲಿಯಲ್ಲಿ 40% ಇದ್ದರೆ 2 ಗ್ರಾಂ ಲೋಹ, 51 ಡಾಲರ್. 34% ಇದ್ದರೆ 1.7 ಗ್ರಾಂ, 44 ಡಾಲರ್. ಆ 7 ಡಾಲರ್ ಜಾಗದಲ್ಲಿ ನೀವು ನೀರು ಕೊಂಡಿರುತ್ತೀರಿ, ಅದೂ ಮೂರು ಪಟ್ಟು ಲಾಭ ಸೇರಿಸಿದ ನೀರು.

ಖರೀದಿ ಸೆಕ್ಷನ್:
ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ನೀಲಿ ದ್ರಾವಣ:
ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ. ಒಂದು ನಿಮಿಷ ಗುಣಾಕಾರ ಮಾಡೋಣ. ಹೊಸ ಬಾಟಲಿ ತೀರಾ ಕಳಪೆ, 35% ಅಂತಲೇ ಇಟ್ಟುಕೊಳ್ಳಿ. 40.5ರಿಂದ 35ಕ್ಕೆ ಇಳಿದರೆ 1.9 ಗ್ರಾಂ ಹೋಗಿ 1.65 ಆಗಬೇಕು. 1.1 ಯಾಕಾಯಿತು? ಉಳಿದ ಅರ್ಧ ಗ್ರಾಂ ಎಲ್ಲಿ? ಎಕ್ಸ್ ಮೇಲೆ ಎಲ್ಲ ಪಾಪ ಹೊರಿಸಬೇಡಿ. ಆ ಕಪ್ಪು ಕೆಸರು ಅಂದಿರಲ್ಲ, ಉತ್ತರ ಅಲ್ಲಿದೆ.

ನಿಮ್ಮ ಪುಡಿಯಲ್ಲಿ ಎಥನಾಲ್‌ಗೆ ಕರಗದ ಆಕ್ಸೋ-ಹೈಡ್ರಾಕ್ಸೋ ಭಾಗ ಜಾಸ್ತಿ ಇದೆ ಅಂತ ನನ್ನ ಊಹೆ. ಬರೀ ಎಥನಾಲ್‌ನಲ್ಲಿ ಕರಗಿಸಿ, ಫೆಲಾಂಡ್ರೀನ್ ಹಾಕುವ ಮೊದಲೇ ಸೋಸಿ ನೋಡಿ. ಸೋಸುಕಾಗದದ ಮೇಲೆ ಕಾಡಿಗೆ ಥರ ಕೂತರೆ ಅದು ನಿಮ್ಮ ಡೈಮರ್ ಆಗುವುದೇ ಇಲ್ಲ.

ಪರಿಹಾರ ಹಳೆಯದು. ಪುಡಿಯನ್ನು ಕಾನ್ಸಂಟ್ರೇಟೆಡ್ ಎಚ್‌ಸಿಎಲ್‌ನಲ್ಲಿ ಕರಗಿಸಿ, ಫ್ಯೂಮ್ ಹುಡ್ ಒಳಗೆ ವಾಟರ್ ಬಾತ್ ಮೇಲೆ ನಿಧಾನವಾಗಿ ಒಣಗಿಸಿ. ಹೀಗೆ ಎರಡು ಮೂರು ಸಲ. ಆಮೇಲೆ ಎಥನಾಲ್. ಆಕ್ಸೋ ಬಹುಮಟ್ಟಿಗೆ ಕ್ಲೋರೈಡ್ ಆಗಿಬಿಡುತ್ತದೆ.

ಹೊಸಬ 2:
ನಿಮ್ಮ ಹೆಸರು ನೀಲಿ ದ್ರಾವಣ ಯಾಕೆ?

ನೀಲಿ ದ್ರಾವಣ:
ಈ ಕಂದು-ಕಪ್ಪು ಕ್ಲೋರೈಡನ್ನು ಮೆಥನಾಲ್‌ನಲ್ಲಿ ಹೈಡ್ರೋಜನ್ ಕೊಟ್ಟು ಅಪಕರ್ಷಿಸಿದರೆ ಕಡು ನೀಲಿ ಬರುತ್ತದೆ. ‘ರುಥೇನಿಯಂ ಬ್ಲೂ’ ಅಂತಾರೆ. ಮೊದಲ ಸಲ ನೋಡಿದಾಗ ಯಾರೋ ಇಂಕ್ ಚೆಲ್ಲಿದ್ದಾರೆ ಅಂತ ಜೂನಿಯರ್‌ಗೆ ಬೈದಿದ್ದೆ.

ಸೋಪಿನ ಪೆಟ್ಟಿಗೆ:
ಫೆಲಾಂಡ್ರೀನ್ ಯಾಕೆ ಬೇಕು? ಬೇಕಾಗಿರುವುದು ಸೈಮೀನ್ ತಾನೇ, ಸೀದಾ ಪ್ಯಾರಾ-ಸೈಮೀನ್ ಹಾಕಿದರೆ ಅಗ್ಗ ಅಲ್ವಾ?

ಮಲ್ನಾಡ್ ಮೋಲ್:
ಅಯ್ಯೋ, ಇದೇ ಗುಂಡಿಗೆ ನಾನೂ ಬಿದ್ದಿದ್ದೆ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಹೆಸರು ನೋಡಿ ಸೈಮೀನ್ ಬಾಟಲಿ ಸುರಿದೆ. ಆರು ಗಂಟೆ ಕುದಿಸಿದೆ. ಕಂದು ನೀರು, ಅಷ್ಟೇ. ಇಲ್ಲಿ ರುಥೇನಿಯಂ ಮೂರರಿಂದ ಎರಡಕ್ಕೆ ಇಳಿಯಬೇಕು. ಫೆಲಾಂಡ್ರೀನ್ ಡೈಯೀನ್ (ಎರಡು ಜೋಡಿಬಂಧ ಇರುವ ವಸ್ತು) ಆಗಿರುವುದರಿಂದ ತನ್ನ ಎರಡು ಹೈಡ್ರೋಜನ್ ಬಿಟ್ಟು ತಾನೇ ಸೈಮೀನ್ ಆಗುತ್ತದೆ, ಲೋಹವನ್ನೂ ಇಳಿಸುತ್ತದೆ. ಸೈಮೀನ್ ಆಗಲೇ ಸೈಮೀನ್, ಅದಕ್ಕೆ ಬಿಡೋಕೆ ಏನೂ ಇಲ್ಲ.

ಹುಬ್ಳಿ ಬೀಕರ್:
ಫೆಲಾಂಡ್ರೀನ್ ನೀಲಗಿರಿ ಎಣ್ಣೆಯೊಳಗ ಇರತದಲ್ರೀ? ಊಟಿಗೆ ಹೋದಾಗ ಎರಡು ಬಾಟಲಿ ತಂದ್ರ ಆತು.

ಮಲ್ನಾಡ್ ಮೋಲ್:
ನೆಗಡಿಗೆ ತನ್ನಿ, ಡೈಮರ್‌ಗೆ ಬೇಡ. ನಮ್ಮ ಕಡೆ ಸಿಗುವ ನೀಲಗಿರಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿನಿಯೋಲ್ ಅನ್ನುವ ಬೇರೆ ವಸ್ತು. ಫೆಲಾಂಡ್ರೀನ್ ಜಾಸ್ತಿ ಇರುವ ನೀಲಗಿರಿ ಜಾತಿಗಳು ಆಸ್ಟ್ರೇಲಿಯಾದವು.

ಅಂದ ಹಾಗೆ ಕಪ್ಪುಪುಡಿಯವರೇ, ನಿಮ್ಮ ಫೆಲಾಂಡ್ರೀನ್ ಎಷ್ಟು ಹಳೆಯದು? ಅದು ಗಾಳಿ ತಾಗಿದರೆ ಹಾಳಾಗುತ್ತದೆ. ಅಂಟಂಟು ಆಗಿದ್ದರೆ ಎಸೆಯಿರಿ.

ಕಪ್ಪುಪುಡಿ:
ಬಾಟಲಿ ಮೇಲೆ ಹಳೇ ಸೀನಿಯರ್ ಕೈಬರಹ ಇದೆ. ಅವರಿಗೆ ಈಗ ಎರಡು ಮಕ್ಕಳು.

ಕರಾವಳಿ ಕೆಮಿಸ್ಟ್:
ಹಾಗಾದರೆ ಆರೋಪಿಗಳು ಮೂವರು: ನೀರು, ಕರಗದ ಆಕ್ಸೋ, ಹಳೇ ಫೆಲಾಂಡ್ರೀನ್.

ನಾಲ್ಕನೆಯದು ಹವೆ. ಈ ಪುಡಿ ತೇವ ಎಳೆಯುತ್ತದೆ. ನಮ್ಮಲ್ಲಿ ಜುಲೈಯಲ್ಲಿ ಬಾಟಲಿ ತೆರೆದು ತಕ್ಕಡಿಯ ಮೇಲೆ ಇಟ್ಟರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಮೇಲೆ ಹೋಗುತ್ತಲೇ ಉಂಟು. ಐದು ನಿಮಿಷ ಬಿಟ್ಟರೆ ಅಡುಗೆಮನೆಯ ಕಲ್ಲುಪ್ಪಿನ ಹಾಗೆ ಅಂಟಿಕೊಳ್ಳುತ್ತದೆ. ಹೊಸ ಬಾಟಲಿ ಬಂದ ದಿನವೇ ಗ್ಲೋವ್ ಬ್ಯಾಗ್‌ನಲ್ಲಿ ಒಂದೊಂದು ಗ್ರಾಂ ಸಣ್ಣ ವಯಲ್‌ಗೆ ಹಂಚಿಡಿ. ಸ್ಟೀಲ್ ಸ್ಪ್ಯಾಚುಲಾ ಬೇಡ, ಒದ್ದೆ ಕ್ಲೋರೈಡ್ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಚಮಚ ಸಾಕು. ಕೈಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ.

ಲ್ಯಾಬ್ ಅಣ್ಣ:
ಫ್ಲಾಸ್ಕ್ ಕಲೆಗೆ ಬಟ್ಟೆ ಒಗೆಯುವ ಬ್ಲೀಚ್ ಹಾಕಿ ರಾತ್ರಿ ಬಿಡಿ. ಪಳಪಳ.

ಕರಾವಳಿ ಕೆಮಿಸ್ಟ್:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ!! ಬ್ಲೀಚ್‌ನಲ್ಲಿರುವ ಹೈಪೋಕ್ಲೋರೈಟ್ ರುಥೇನಿಯಂ ಕಲೆಯನ್ನು ಟೆಟ್ರಾಕ್ಸೈಡ್ ಮಾಡುತ್ತದೆ. ಕಲೆ ಹೋಗುವುದು ಅದಕ್ಕೇ, ಅದು ಗಾಳಿಗೆ ಹಾರಿ ಹೋಗಿರುತ್ತದೆ. ಟೆಟ್ರಾಕ್ಸೈಡ್ ಹಳದಿ, 25 ಡಿಗ್ರಿ ಹತ್ತಿರ ಕರಗುತ್ತದೆ, 40 ಡಿಗ್ರಿಗೆ ಕುದಿಯುತ್ತದೆ. ಮೂಗಿಗೆ ಓಝೋನ್ ಥರದ ವಾಸನೆ ಬಂತು ಅಂದ್ರೆ ಆಗಲೇ ತಡವಾಗಿದೆ. ಕಣ್ಣು, ಗಂಟಲು ಎಲ್ಲಕ್ಕೂ ಕೆಟ್ಟದ್ದು. ಜಿಡ್ಡು, ಕಾಗದ, ಚರ್ಮ ಏನು ಸಿಕ್ಕರೂ ಅದರ ಮೇಲೆ ಕಪ್ಪು ಆಕ್ಸೈಡ್ ಆಗಿ ಕೂರುತ್ತದೆ.

ರಾಯಚೂರು ರಾಜ:
40 ಡಿಗ್ರಿಗೆ ಕುದಿಯುತ್ತಾ? ಅಂದ್ರೆ ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಸ್ಟೋವ್ ಬೇಡ.

ಲ್ಯಾಬ್ ಅಣ್ಣ:
ಹತ್ತು ವರ್ಷದಿಂದ ಮಾಡ್ತಿದ್ದೀನಿ, ಏನೂ ಆಗಿಲ್ಲ.

ನೀಲಿ ದ್ರಾವಣ:
ಹತ್ತು ವರ್ಷ ಬೀಗ ಹಾಕದೆ ಮಲಗಿದರೂ ಕಳ್ಳ ಬರದೇ ಇರಬಹುದು ಅಣ್ಣ. ಇದೇ ಟೆಟ್ರಾಕ್ಸೈಡನ್ನು ಆರ್ಗ್ಯಾನಿಕ್‌ನವರು ಬೇಕಂತಲೇ ಮಾಡಿಕೊಳ್ಳುತ್ತಾರೆ. ಚೂರೇ ಚೂರು ರುಥೇನಿಯಂ ಕ್ಲೋರೈಡ್, ಜೊತೆಗೆ ಸೋಡಿಯಂ ಪೆರಿಯೋಡೇಟ್. 1981ರಲ್ಲಿ ಶಾರ್ಪ್‌ಲೆಸ್ ಗುಂಪು ಅಸಿಟೋನೈಟ್ರೈಲ್ ಸೇರಿಸಿದರೆ ಅದು ಮಧ್ಯದಲ್ಲಿ ಸಾಯುವುದಿಲ್ಲ ಅಂತ ತೋರಿಸಿತು. ಬೆಂಝೀನ್ ಉಂಗುರವನ್ನೇ ಒಡೆದುಹಾಕುವ ವಸ್ತು ಅದು. ಅಂಥದ್ದು ತೊಟ್ಟಿಯಲ್ಲಿ ರಾತ್ರಿಯಿಡೀ ಬೇಡ.

ಲ್ಯಾಬ್ ಅಣ್ಣ:
ಸರಿ ಬಿಡಿ. ಇವತ್ತಿನಿಂದ ನಿಲ್ಲಿಸಿದೆ.

ಜೋಬರ್ಗ್ ಕನ್ನಡಿಗ:
ಬೆಲೆ, ಕಾಯುವಿಕೆ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬಂದೆ. ನಾನು ರುಸ್ಟೆನ್‌ಬರ್ಗ್ ಕಡೆ ಗಣಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದವನು. ನಿಮ್ಮ ಬಾಟಲಿಯಲ್ಲಿರುವ ಲೋಹ ಹೆಚ್ಚುಕಮ್ಮಿ ಇಲ್ಲಿಂದಲೇ ಬಂದಿರುತ್ತದೆ. ಜಗತ್ತಿನ ಹೊಸ ರುಥೇನಿಯಂನಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್‌ನದು. ಉಳಿದದ್ದು ರಷ್ಯಾದ ನೊರಿಲ್‌ಸ್ಕ್, ಜಿಂಬಾಬ್ವೆ. ವರ್ಷಕ್ಕೆ ಎಲ್ಲ ಸೇರಿ 30 ಟನ್ ಆಸುಪಾಸು. ಮೂರು ಲಾರಿ ಲೋಡ್, ಇಡೀ ಭೂಮಿಗೆ.

ಇಲ್ಲಿ ಯುಜಿ-2 ಅಂತ ಒಂದು ಪದರ ಇದೆ. ಕ್ರೋಮೈಟ್ ಪಟ್ಟಿ, ಬಹಳ ಕಡೆ ಒಂದು ಮೀಟರ್ ಆಸುಪಾಸು ದಪ್ಪ. ಅಷ್ಟು ಸಂದಿಯಲ್ಲಿ ಬಗ್ಗಿ, ತೆವಳಿ ಕೆಲಸ. ಒಂದು ಟನ್ ಕಲ್ಲಿನಲ್ಲಿ ಪ್ಲಾಟಿನಂ ಗುಂಪಿನ ಎಲ್ಲ ಲೋಹ ಸೇರಿ ನಾಲ್ಕೈದು ಗ್ರಾಂ. ರುಥೇನಿಯಂ ಅದರಲ್ಲೊಂದು ಸಣ್ಣ ಪಾಲು.

ರುಥೇನಿಯಂಗಾಗಿ ಯಾರೂ ಗಣಿ ತೋಡುವುದಿಲ್ಲ. ತೋಡುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗೆ. ಇದು ಜೊತೆಗೆ ಬಂದದ್ದು. ಬೇಡಿಕೆ ಎರಡು ಪಟ್ಟಾದರೂ ಗಣಿಯವರು ಒಂದು ಬುಟ್ಟಿ ಕಲ್ಲು ಜಾಸ್ತಿ ಎತ್ತುವುದಿಲ್ಲ. ಪ್ಲಾಟಿನಂ ಬೆಲೆ ಬಿದ್ದು ಶಾಫ್ಟ್ ಮುಚ್ಚಿದರೆ ಮಾತ್ರ ರುಥೇನಿಯಂ ಪಾಪ ಕಾರಣವಿಲ್ಲದೆ ಕಡಿಮೆ ಆಗುತ್ತದೆ.

ಮಲ್ನಾಡ್ ಮೋಲ್:
ಮದುವೆಮನೆ ಬಾಳೆ ಎಲೆ ಥರ. ಊಟದವರು ಜಾಸ್ತಿ ಬಂದರೂ ತೋಟದವನು ಗೊನೆ ಲೆಕ್ಕದಲ್ಲೇ ಗಿಡ ಹಾಕುವುದು.

ಜೋಬರ್ಗ್ ಕನ್ನಡಿಗ:
ಹಹಾ, ಅದೇ. ಇನ್ನು ಗಣಿಯಿಂದ ಬಂದ ಮೇಲೂ ರಿಫೈನರಿಯಲ್ಲಿ ಇದರ ಸರದಿ ತಡ. ಲೋಹ ಕೈಗೆ ಬರೋಕೆ ತಿಂಗಳುಗಳು ಹಿಡಿಯುತ್ತದೆ.

ಷೇರುಪೇಟೆ ಶಾಮ:
ಬೆಲೆ ಚರಿತ್ರೆ ನೋಡಿದರೆ ತಲೆ ತಿರುಗುತ್ತದೆ. 2007ರ ಶುರುವಿನಲ್ಲಿ ಔನ್ಸಿಗೆ 800 ಡಾಲರ್ ದಾಟಿತ್ತು. 2016ರ ಹೊತ್ತಿಗೆ 40 ಡಾಲರ್ ಆಸುಪಾಸು. 2021ರಲ್ಲಿ ಮತ್ತೆ 800ರ ಹತ್ತಿರ. 2007ರ ಜಿಗಿತಕ್ಕೆ ಕಾರಣ ಹಾರ್ಡ್ ಡಿಸ್ಕ್. ಆಗ ದತ್ತಾಂಶದ ಕಣಗಳನ್ನು ಮಲಗಿಸುವ ಬದಲು ನಿಲ್ಲಿಸಿ ಬರೆಯುವ ವಿಧಾನ ಬಂತು. ಅದರ ಕೆಳಗೆ ರುಥೇನಿಯಂ ಪದರ ಬೇಕು. ಎಲ್ಲ ಕಂಪನಿಗಳೂ ಒಂದೇ ಸಲ ಕೊಳ್ಳೋಕೆ ಬಿದ್ದವು.

ಇದಕ್ಕೆ ಪ್ಲಾಟಿನಂ ಥರ ಎಕ್ಸ್‌ಚೇಂಜ್‌ನಲ್ಲಿ ವಾಯಿದೆ ವ್ಯಾಪಾರ ಇಲ್ಲ. ದೊಡ್ಡ ರಿಫೈನರ್‌ಗಳು ಇಂದಿನ ದರ ಅಂತ ಹಾಕಿದ್ದೇ ದರ. ಪೇಟೆ ಚಿಕ್ಕದು, ಒಬ್ಬ ದೊಡ್ಡ ಗಿರಾಕಿ ಬಂದರೂ ಅಲುಗಾಡುತ್ತದೆ. ಮೂರು ದಿನದ ಕೊಟೇಶನ್ ಅದಕ್ಕೇ. ಸಪ್ಲೈಯರ್ ಕಳ್ಳ ಅಂತ ಸುಮ್ನೆ ಅನ್ನಬೇಡಿ.

ಕಪ್ಪುಪುಡಿ:
ಬೆಲೆಗೆ ನಾನು ಬೈಯಲಿಲ್ಲ ಸರ್. ಲೇಬಲ್‌ಗೆ ಬೈದೆ.

ಹೊಸಬ 2:
ಮೊಬೈಲ್‌ನಲ್ಲಿ ಹಾರ್ಡ್ ಡಿಸ್ಕ್ ಇಲ್ವಲ್ಲ, ಈಗ ಬೇಡಿಕೆ ಕಡಿಮೆ ಆಗಿರಬೇಕಲ್ವಾ?

ಷೇರುಪೇಟೆ ಶಾಮ:
ಡೇಟಾ ಸೆಂಟರ್‌ಗಳು ಈಗಲೂ ಹಾರ್ಡ್ ಡಿಸ್ಕ್ ಮೇಲೆಯೇ ನಿಂತಿವೆ. ಮೊಬೈಲ್‌ನಲ್ಲೂ ರುಥೇನಿಯಂ ಇದೆ, ಬೋರ್ಡ್ ಮೇಲಿನ ಸಾಸಿವೆಗಿಂತ ಚಿಕ್ಕ ಚಿಪ್ ರೆಸಿಸ್ಟರ್‌ಗಳಲ್ಲಿ ರುಥೇನಿಯಂ ಆಕ್ಸೈಡ್ ಪೇಸ್ಟ್.

ಸೋಪಿನ ಪೆಟ್ಟಿಗೆ:
ನನ್ನ ಹೆಸರಿಗೂ ಇದಕ್ಕೂ ಸಂಬಂಧ ಇದೆ. ಸೋಪಿಗೆ ಕಾಸ್ಟಿಕ್ ಸೋಡಾ ಬೇಕು, ಕಾಸ್ಟಿಕ್ ಸೋಡಾಕ್ಕೆ ಉಪ್ಪುನೀರಿನಲ್ಲಿ ಕರೆಂಟ್ ಹಾಯಿಸಬೇಕು. ಮೊದಲು ಗ್ರಾಫೈಟ್ ಆನೋಡ್ ಇತ್ತು, ಸವೆದು ಸವೆದು ಬದಲಿಸುತ್ತಲೇ ಇರಬೇಕಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬಾತ ಟೈಟಾನಿಯಂ ತಗಡಿನ ಮೇಲೆ ರುಥೇನಿಯಂ ಆಕ್ಸೈಡ್ ಲೇಪ ಕೊಟ್ಟ. ಅದು ವರ್ಷಗಟ್ಟಲೆ ಬಾಳುತ್ತದೆ. ಆ ಲೇಪಕ್ಕೆ ಬಳಿಯುವ ದ್ರಾವಣದಲ್ಲಿರುವುದೂ ಇದೇ ರುಥೇನಿಯಂ ಕ್ಲೋರೈಡ್. ಬಳಿದು, ಒಲೆಯಲ್ಲಿ ಸುಟ್ಟು, ಮತ್ತೆ ಬಳಿದು, ಮತ್ತೆ ಸುಟ್ಟು. ಕಾರವಾರದ ಬಿಣಗಾದಲ್ಲಿ ಇರುವಂಥ ಕಾಸ್ಟಿಕ್ ಸೋಡಾ ಕಾರ್ಖಾನೆಗಳಿಗೆಲ್ಲ ಇಂಥ ಆನೋಡ್ ಬೇಕೇ ಬೇಕು. ಅವರ ಮುಂದೆ ನಿಮ್ಮ 5 ಗ್ರಾಂ ಯಾವ ಲೆಕ್ಕ?

ಚನ್ನಗಿರಿ ಅಡಿಕೆ:
ದಕ್ಷಿಣ ಆಫ್ರಿಕಾಕ್ಕೆ ಯಾಕೆ ಹೋಗ್ತೀರಿ? ನಮ್ಮ ತಾಲ್ಲೂಕಿನ ಹನುಮಲಾಪುರದಲ್ಲೇ ಪ್ಲಾಟಿನಂ ಇದೆ ಅಂತ ಪೇಪರಲ್ಲಿ ಬಂದಿತ್ತಲ್ಲ.

ಕಲ್ಲುಕುಟಿಗ:
ಇದೆ, ಆದರೆ ‘ಇದೆ’ ಅನ್ನುವುದಕ್ಕೂ ‘ಗಣಿ’ ಅನ್ನುವುದಕ್ಕೂ ಬಹಳ ದೂರ. ಹನುಮಲಾಪುರದ ಶಿಲೆಯಲ್ಲಿ ಪ್ಲಾಟಿನಂ ಗುಂಪಿನ ಲೋಹ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ಮುಖ್ಯವಾಗಿ ಪಲ್ಲಾಡಿಯಂ, ಪ್ಲಾಟಿನಂ. ರುಥೇನಿಯಂಗೆ ಇಷ್ಟವಾದ ಮನೆ ಕ್ರೋಮೈಟ್. ಲಾರೈಟ್ ಅಂತ ರುಥೇನಿಯಂ ಸಲ್ಫೈಡ್ ಖನಿಜ ಕ್ರೋಮೈಟ್ ಹರಳಿನ ಹೊಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೂತಿರುತ್ತದೆ, ಮೈಕ್ರೋಸ್ಕೋಪ್ ಇಲ್ಲದೆ ಕಾಣುವುದಿಲ್ಲ. ಕ್ರೋಮೈಟ್ ನಮ್ಮಲ್ಲೂ ಇದೆ, ಹಾಸನದ ಬೈರಾಪುರದಲ್ಲಿ ತೆಗೆದಿದ್ದಾರೆ. ಆದರೆ ಅದು ಕ್ರೋಮಿಯಂಗಾಗಿ. ಅಡಿಕೆ ತೋಟ ಮಾರಬೇಡಿ.

ರಾಯಚೂರು ರಾಜ:
ಹಟ್ಟಿಯಲ್ಲಿ?

ಕಲ್ಲುಕುಟಿಗ:
ಅಲ್ಲಿ ಚಿನ್ನ. ಇದು ಬೇರೆ ಸಂಸಾರ.

ಒರೆಗಲ್ಲು:
ಚಿನ್ನ ಅಂದಿರಿ, ಅದಕ್ಕೆ ಬಾಯಿ ಹಾಕುತ್ತೇನೆ. ನನಗೆ ಕೆಮಿಸ್ಟ್ರಿ ಗೊತ್ತಿಲ್ಲ. ನಗರತ್ ಪೇಟೆಯಲ್ಲಿ ಹಳೇ ಚಿನ್ನ ಕರಗಿಸುವ ಕೆಲಸ, ಅಪ್ಪನ ಕಾಲದಿಂದ. ರುಥೇನಿಯಂ ಹೆಸರು ನಮಗೆ ಚೆನ್ನಾಗಿ ಗೊತ್ತು, ಕೆಟ್ಟ ಕಾರಣಕ್ಕೆ. ಕೆಲವರು ಚಿನ್ನಕ್ಕೆ ಇರಿಡಿಯಂ, ರುಥೇನಿಯಂ ಪೌಡರ್ ಬೆರೆಸುತ್ತಿದ್ದರು. ಅದು ಚಿನ್ನದಲ್ಲಿ ಬೆರೆಯುವುದಿಲ್ಲ, ಮರಳಿನ ಕಣದ ಹಾಗೆ ಒಳಗೇ ಕೂರುತ್ತದೆ. ಒರೆಗಲ್ಲಿಗೆ ತಿಕ್ಕಿದರೆ ಮೋಸ ಗೊತ್ತಾಗುವುದಿಲ್ಲ, ಆಸಿಡ್ ಹಾಕಿದರೂ ಹಳದಿ ಗೆರೆ ಹಾಗೇ ನಿಲ್ಲುತ್ತದೆ.

ಗೊತ್ತಾಗುವುದು ಎರಡು ಕಡೆ. ಸರ ಎಳೆಯುವಾಗ ತಂತಿ ಟಕ್ ಅಂತ ತುಂಡಾಗುತ್ತದೆ, ಅರ ಹಾಕಿದರೆ ಕಿರ್ರ್ ಅನ್ನುತ್ತದೆ. ಇನ್ನೊಂದು ಅಕ್ವಾ ರೀಜಿಯಾದಲ್ಲಿ, ಅಂದ್ರೆ ಚಿನ್ನ ಕರಗಿಸುವ ಮಿಶ್ರ ಆಸಿಡ್‌ನಲ್ಲಿ. ಚಿನ್ನ ಪೂರ್ತಿ ಕರಗಿ ಹಳದಿ ನೀರಾಗುತ್ತದೆ, ಬೀಕರ್ ತಳದಲ್ಲಿ ಮಾತ್ರ ಬೂದು-ಕಪ್ಪು ಪುಡಿ ಉಳಿಯುತ್ತದೆ. ಒಂದು ಸಲ ನೂರು ಗ್ರಾಂ ಬಳೆಯಲ್ಲಿ ಮೂರು ಗ್ರಾಂ ಉಳಿಯಿತು. ಬಳೆ ತಂದ ಅಜ್ಜಿಗೆ ಏನಂತ ಹೇಳುವುದು? ಅವರ ಮಗಳ ಮದುವೆಗೆ ತೆಗೆದದ್ದಂತೆ.

ಮಲ್ನಾಡ್ ಮೋಲ್:
ಈ ಎಳೆಯಲ್ಲಿ ಓದಿದ್ದರಲ್ಲಿ ಇದೇ ಒಳ್ಳೆಯ ಪೋಸ್ಟ್. ಅದೇ ಪುಡಿಯಿಂದಲೇ ರುಥೇನಿಯಂ ಮೊದಲು ಸಿಕ್ಕಿದ್ದೂ! ಉರಲ್ ಪ್ಲಾಟಿನಂ ಅದಿರನ್ನು ಅಕ್ವಾ ರೀಜಿಯಾದಲ್ಲಿ ಕರಗಿಸಿದ ಮೇಲೆ ಉಳಿದ ಚರಟವನ್ನು ಕಾರ್ಲ್ ಕ್ಲಾಸ್ ಎನ್ನುವ ಕೆಮಿಸ್ಟ್ ಕಜಾನ್‌ನಲ್ಲಿ ಕೂತು ಶೋಧಿಸಿದ. 1844ರಲ್ಲಿ ಆರು ಗ್ರಾಂನಷ್ಟು ಹೊಸ ಲೋಹ ಬಂತು. ರಷ್ಯಾದ ಲ್ಯಾಟಿನ್ ಹೆಸರು ರುಥೇನಿಯಾ, ಅದನ್ನೇ ಇಟ್ಟ.

ಹೊಸಬ 2:
ಅಕ್ವಾ ರೀಜಿಯಾಕ್ಕೇ ಕರಗದಿದ್ದರೆ ಕ್ಲೋರೈಡ್ ಮಾಡುವುದು ಹೇಗೆ?

ನೀಲಿ ದ್ರಾವಣ:
ಪೊಟ್ಯಾಸಿಯಂ ಹೈಡ್ರಾಕ್ಸೈಡ್, ನೈಟ್ರೇಟ್ ಜೊತೆ ಕರಗಿಸಿ ಕಾಯಿಸಿದರೆ ಕಿತ್ತಳೆ ಬಣ್ಣದ ರುಥೆನೇಟ್ ಆಗುತ್ತದೆ, ಅದು ನೀರಿಗೆ ಬರುತ್ತದೆ. ಅದನ್ನು ಆಕ್ಸಿಡೈಸ್ ಮಾಡಿ ಟೆಟ್ರಾಕ್ಸೈಡ್ ಹಬೆ ಮಾಡಿ ಎಚ್‌ಸಿಎಲ್ ಒಳಗೆ ಹಿಡಿದರೆ ಕ್ಲೋರೈಡ್. ಲ್ಯಾಬ್ ಅಣ್ಣ ರಾತ್ರಿಯಿಡೀ ಹಾರಿಸುತ್ತಿದ್ದದ್ದನ್ನು ರಿಫೈನರಿಯವರು ಹಿಡಿದು ದುಡ್ಡು ಮಾಡುತ್ತಾರೆ.

ಸ್ಪಿನ್ ಸುಬ್ಬಿ:
ಫಿಸಿಕ್ಸ್ ಕಡೆಯಿಂದ ಒಂದು ಎಚ್ಚರಿಕೆ. ನೀರಿನ ರಗಳೆ ಬೇಡ ಅಂತ ಯಾರೂ ‘ಅನ್‌ಹೈಡ್ರಸ್’ ಆರ್ಡರ್ ಮಾಡಬೇಡಿ. ನಮ್ಮ ಪಕ್ಕದ ಲ್ಯಾಬಿನ ಹುಡುಗ ‘ಇದು ಜಾಸ್ತಿ ಪ್ಯೂರ್’ ಅಂತ ತರಿಸಿದ. ಆಲ್ಫಾ ರೂಪ, ಹೊಳೆಯುವ ಕಪ್ಪು ಹಾಳೆ ಹಾಳೆ ಹರಳು. ನೀರಿಗೂ ಕರಗಲಿಲ್ಲ, ಎಥನಾಲ್‌ಗೂ ಕರಗಲಿಲ್ಲ. ಎರಡು ದಿನ ಕುದಿಸಿ ಕೊನೆಗೆ ನನಗೆ ತಂದುಕೊಟ್ಟ. ನನಗೆ ಹಬ್ಬ!

ನಮಗೆ ಅದು ಬಂಗಾರ. ಪದರದಲ್ಲಿ ರುಥೇನಿಯಂ ಪರಮಾಣುಗಳು ಜೇನುಗೂಡಿನ ಆಕಾರದಲ್ಲಿ ಕೂತಿವೆ. ಭೌತವಿಜ್ಞಾನಿ ಕಿಟಾಯೆವ್ 2006ರಲ್ಲಿ ಕಾಗದದ ಮೇಲೆ ಬಿಡಿಸಿದ ಸ್ಪಿನ್ ಲಿಕ್ವಿಡ್ (ಸ್ಪಿನ್‌ಗಳು, ಅಂದ್ರೆ ಪರಮಾಣುಗಳ ಪುಟ್ಟ ಅಯಸ್ಕಾಂತಗಳು, ಎಷ್ಟು ತಣ್ಣಗಾದರೂ ಸಾಲಾಗಿ ನಿಲ್ಲದ ಸ್ಥಿತಿ) ಮಾದರಿಗೆ ಬಹಳ ಹತ್ತಿರ ಬರುವ ವಸ್ತುಗಳಲ್ಲಿ ಇದೊಂದು. ಸುಮಾರು 7 ಕೆಲ್ವಿನ್ ಕೆಳಗೆ ಸ್ಪಿನ್‌ಗಳು ಶಿಸ್ತಾಗಿ ನಿಂತುಬಿಡುತ್ತವೆ. ಕಾಂತಕ್ಷೇತ್ರ ಕೊಟ್ಟು ಆ ಶಿಸ್ತು ಕೆಡಿಸಿದರೆ ಒಳಗೆ ಏನಿದೆ ಅನ್ನುವುದೇ ಈಗಿನ ಜಗಳ.

ಹುಬ್ಳಿ ಬೀಕರ್:
ಏನೂ ತಿಳೀಲಿಲ್ಲ. ಲೈಕ್ ಒತ್ತೇನಿ.

ಕರಾವಳಿ ಕೆಮಿಸ್ಟ್:
ಕಪ್ಪುಪುಡಿಯವರೇ, ಲೋಹದ ಶೇಕಡಾ ನೀವೇ ಅಳೆಯಬಹುದು. ಕ್ವಾರ್ಟ್ಜ್ ದೋಣಿಯಲ್ಲಿ 200 ಮಿಲಿಗ್ರಾಂ ತೂಗಿ, ಟ್ಯೂಬ್ ಫರ್ನೇಸ್‌ನಲ್ಲಿ ಆರ್ಗಾನ್-ಹೈಡ್ರೋಜನ್ ಬಿಟ್ಟು 450 ಡಿಗ್ರಿ. ನೀರು ಹೋಗುತ್ತದೆ, ಕ್ಲೋರಿನ್ ಎಚ್‌ಸಿಎಲ್ ಆಗಿ ಹೋಗುತ್ತದೆ (ಹೊರಬರುವ ಗಾಳಿಯನ್ನು ಕಾಸ್ಟಿಕ್ ದ್ರಾವಣದಲ್ಲಿ ಹಾಯಿಸಿ), ಬೂದು ಲೋಹ ಉಳಿಯುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಗಾಳಿ ತಾಗಿಸಬೇಡಿ. ಎರಡು ಸಲ ಮಾಡಿ.

ಖರೀದಿ ಸೆಕ್ಷನ್:
ಅಳೆದ ಮೇಲೆ ಬರಹದಲ್ಲಿ ಕೊಡಿ. ಬಾಯಿಮಾತಿನ ದೂರಿಗೆ ಸಪ್ಲೈಯರ್ ನಗುತ್ತಾನೆ.

ಕಪ್ಪುಪುಡಿ:
ಹದಿನೈದು ದಿನ ಬಿಟ್ಟು ಬಂದಿದ್ದೇನೆ. ಫರ್ನೇಸ್ ಸರದಿ ಸಿಗೋಕೆ ಅಷ್ಟು ದಿನ ಬೇಕಾಯಿತು.

200 ಮಿಲಿಗ್ರಾಂಗೆ ಮೊದಲ ಸಲ 70.4, ಎರಡನೇ ಸಲ 70.1. ಅಂದ್ರೆ 35% ಚಿಲ್ಲರೆ. ನೀಲಿ ದ್ರಾವಣ ಅವರು ಊಹೆಯಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಅದೇ ಸಂಖ್ಯೆ, ನಂಬೋಕಾಗಲಿಲ್ಲ.

ಎಥನಾಲ್‌ನಲ್ಲಿ ಕರಗಿಸಿ ಸೋಸಿದೆ. ಕಾಡಿಗೆ ಅಂದಿರಲ್ಲ, ನಿಜವಾಗಿ ಕಾಡಿಗೆಯೇ. ಕಾಗದ ಮುಚ್ಚಿಹೋಗಿ ಸೋಸೋಕೆ ಒಂದು ಗಂಟೆ. ಆಮೇಲೆ ಹೊಸದಾಗಿ 2 ಗ್ರಾಂ ತಗೊಂಡು ಎಚ್‌ಸಿಎಲ್‌ನಲ್ಲಿ ಮೂರು ಸಲ ಒಣಗಿಸಿದೆ. ಎರಡು ಮಕ್ಕಳ ಸೀನಿಯರ್ ಫೆಲಾಂಡ್ರೀನ್ ಎಸೆದು ಪಕ್ಕದ ಲ್ಯಾಬಿನಿಂದ ಹೊಸದು ಕಡ ತಂದೆ. 1.6 ಗ್ರಾಂ ಬಂತು. 35.2% ಲೆಕ್ಕದಲ್ಲಿ ಬರಬೇಕಾದ ಗರಿಷ್ಠ 2.13 ಗ್ರಾಂ, ಅಂದ್ರೆ 75%. ಹಳೇ ಬಾಟಲಿಯದ್ದು ಸರಿಯಾದ ಲೆಕ್ಕದಲ್ಲಿ 77 ಇತ್ತು. ಇಷ್ಟು ದಿನ ನಾನು ಅದನ್ನು 81 ಅಂತ ಬರೆದುಕೊಂಡು ಬಂದಿದ್ದೇನೆ, ಟ್ರೈಹೈಡ್ರೇಟ್ ನಂಬಿ.

ನೀಲಿ ದ್ರಾವಣ:
ಎಚ್‌ಸಿಎಲ್, ಫೆಲಾಂಡ್ರೀನ್ ಎರಡನ್ನೂ ಒಟ್ಟಿಗೆ ಬದಲಿಸಿದಿರಿ. ಯಾವುದರಿಂದ ಸರಿ ಆಯಿತು ಅಂತ ಈಗ ಹೇಗೆ ಗೊತ್ತಾಗುತ್ತದೆ?

ಕಪ್ಪುಪುಡಿ:
ಗೊತ್ತಾಗುವುದಿಲ್ಲ. ಗ್ರಾಂಗೆ ಇಷ್ಟು ದುಡ್ಡು ಕೊಟ್ಟ ಮೇಲೆ ಕಂಟ್ರೋಲ್ ಪ್ರಯೋಗ ಮಾಡೋಕೆ ಮನಸ್ಸು ಬರಲಿಲ್ಲ.

ಮಲ್ನಾಡ್ ಮೋಲ್:
ಪ್ರಾಮಾಣಿಕ ಉತ್ತರ. ಸೋಸುಕಾಗದದ ಕಾಡಿಗೆ ಎಸೆದಿಲ್ಲ ತಾನೇ? ತಾಯಿದ್ರಾವಣ (ಹರಳು ತೆಗೆದ ಮೇಲೆ ಉಳಿದದ್ದು), ಕಾಗದ, ಒರೆಸಿದ ಟಿಶ್ಯೂ ಎಲ್ಲ ಒಂದು ಡಬ್ಬಕ್ಕೆ ಹಾಕಿ ‘ರುಥೇನಿಯಂ ಉಳಿಕೆ’ ಅಂತ ಚೀಟಿ ಅಂಟಿಸಿ. ನಾಲ್ಕೈದು ಲ್ಯಾಬಿನವರು ಸೇರಿ ಕೊಟ್ಟರೆ ರಿಫೈನರ್‌ಗಳು ತಗೊಳ್ಳುತ್ತಾರೆ. ಒಬ್ಬರೇ ಹೋದರೆ ಮುಖ ಕೂಡ ನೋಡುವುದಿಲ್ಲ.

ಒರೆಗಲ್ಲು:
ನಮ್ಮಲ್ಲಿ ಅಂಗಡಿ ನೆಲ ಗುಡಿಸಿದ ಕಸವನ್ನೂ ಮಾರುತ್ತೇವೆ. ನೀವು ಇಷ್ಟು ಓದಿಯೂ ತೊಳೆಯುವ ತೊಟ್ಟಿಗೆ ಬಿಡುತ್ತೀರಾ?

ಖರೀದಿ ಸೆಕ್ಷನ್:
ಸಪ್ಲೈಯರ್ ಏನಂದ?

ಕಪ್ಪುಪುಡಿ:
ಅಳತೆ ಹಾಳೆ ಜೊತೆ ಮೇಲ್ ಹಾಕಿದೆ. ಎರಡು ದಿನ ಮೌನ. ಆಮೇಲೆ ‘ಮೇಡಂ, ಎಕ್ಸ್ ಅಂತ ಬರೆದಿದ್ದೇವಲ್ಲ’ ಅಂತ ಉತ್ತರ ಬಂತು.

ಹುಬ್ಳಿ ಬೀಕರ್:
😂😂 ಅವನ ಮಾತೂ ಖರೇನ ಐತಿ.

ಖರೀದಿ ಸೆಕ್ಷನ್:
ಮುಂದಿನ ಇಂಡೆಂಟ್ ಬರೆಯುವಾಗ ಮಲ್ನಾಡ್ ಮೋಲ್ ಕೊಟ್ಟ ಸಾಲನ್ನು ಹಾಗೇ ಇಳಿಸಿ. ನಾನಂತೂ ಪ್ರಿಂಟ್ ತೆಗೆದು ನನ್ನ ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ನಿನ್ನೆ ಇಂಡೆಂಟ್ ತಂದ ಒಬ್ಬರು ಮೇಷ್ಟ್ರನ್ನು ‘ಲೋಹ ಎಷ್ಟು ಪರ್ಸೆಂಟ್ ಸರ್?’ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.